ಇಟಲಿಯ ಅಜ್ಜನಿಗೆ ಮೊದಲ ಸಲಾಂ

ಅದ್ದು ಬ್ಯಾರಿಗೆ ದಿನಾ ಅರ್ಧ ಗಂಟೆ ನಡೆಯಬೇಕೆಂದು ಹೇಳಿದ ಡಾಕ್ಟರಿಗೆ ಮಂಗಳೂರಿನಲ್ಲಿ ಪರಿಚಯದವರು ಕಡಿಮೆ ಇದ್ದಿರಬೇಕು. ಇಲ್ಲದಿದ್ದರೆ ಅವರು ಹಾಗೆ ಹೇಳುತ್ತಿರಲಿಲ್ಲ.

ಅದ್ದು ಬ್ಯಾರಿ ಬಂದರಿನಲ್ಲಿ ಆಯುಷ್ಯವೆಲ್ಲ ಹಗ್ಗ ಮಾರಿದವರು. ದೋಣಿ ಕಟ್ಟುವ ಹಗ್ಗ, ಬಾವಿಗೆ ಇಳಿಸುವ ಹಗ್ಗ, ದನದ ಕೊರಳಿಗೆ ಹಾಕುವ ಹಗ್ಗ, ತೊಟ್ಟಿಲಿನ ಹಗ್ಗ. ಆ ಕಾಲದಲ್ಲಿ ಹಗ್ಗ ಬೇಡದ ಮನೆ ಇರಲಿಲ್ಲ. ಆದ್ದರಿಂದ ಅವರಿಗೆ ಗುರುತಿಲ್ಲದ ಮನೆಯೂ ಇರಲಿಲ್ಲ. ಎದೆಯೊಳಗೆ ಸ್ಟೆಂಟ್ ಕೂತ ಮೇಲೆ ಅಂಗಡಿಯನ್ನು ತಂಗಿಯ ಮಗನಿಗೆ ಬಿಟ್ಟು ಕಂಕನಾಡಿಯ ಮನೆಯಲ್ಲಿ ಇದ್ದರು. ಡಾಕ್ಟರ್ ನಡೆಯಿರಿ ಎಂದರು. ಅವರು ನಡೆದರು.

ಮನೆಯಿಂದ ಪಂಪ್‌ವೆಲ್ ಕಡೆಗೆ ಹೊರಟರೆ ಮೊದಲು ಸಿಗುವುದು ವಿಲ್ಲಿಯ ಬೇಕರಿ. ವಿಲ್ಲಿಯ ಅಪ್ಪನೂ ಅದ್ದು ಬ್ಯಾರಿಯ ಅಪ್ಪನೂ ಒಂದೇ ಕಾಲದವರು.

"ಓ ಬ್ಯಾರಿ, ಎಂತ, ನೋಡಿಯೂ ನೋಡದ ಹಾಗೆ ಹೋಗುವುದು? ನಾನು ಸತ್ತಿದ್ದೇನಾ?"

"ಡಾಕ್ಟರು ನಿಲ್ಲಬಾರದು ಅಂದಿದ್ದಾರೆ ಮಾರಾಯ."

"ನಿಲ್ಲುವುದು ಬೇಡ. ಕೂತುಕೊಳ್ಳಿ."

ಕೂರುತ್ತಿದ್ದರು. ಚಹಾ ಬರುತ್ತಿತ್ತು. ಚಹಾ ಒಂದೇ ಬಂದರೆ ವಿಲ್ಲಿಗೆ ಮರ್ಯಾದೆ ಇಲ್ಲವಾದ್ದರಿಂದ ಬನ್ನು ಕೂಡ ಬರುತ್ತಿತ್ತು. ಅಲ್ಲಿಂದ ಎದ್ದರೆ ಮುಂದಿನ ತಿರುವಿನಲ್ಲಿ ಗ್ಯಾರೇಜಿನವರು, ಅದರಾಚೆ ಮೊದಲು ಬಲೆ ವ್ಯಾಪಾರ ಮಾಡುತ್ತಿದ್ದು ಈಗ ಮೊಬೈಲ್ ಕವರ್ ಮಾರುವವರು, ಆಮೇಲೆ ಪಂಪ್‌ವೆಲ್‌ನ ಫ್ಲೈಓವರ್ ಕೆಳಗೆ ಬಸ್ಸಿಗೆ ಕಾಯುವವರಲ್ಲಿ ಅರ್ಧ ಜನ.

ತಿಂಗಳಾದ ಮೇಲೆ ಡಾಕ್ಟರ್ ಕೇಳಿದರು, "ನಡೀತೀರಾ?"

"ದಿನಾ ನಡೀತೇನೆ."

"ಎಲ್ಲಿವರೆಗೆ?"

"ಪಂಪ್‌ವೆಲ್."

"ಎಷ್ಟು ಹೊತ್ತು ಬೇಕಾಗ್ತದೆ?"

"ಎರಡೂವರೆ ಗಂಟೆ."

ಡಾಕ್ಟರಿಗೆ ಸಂತೋಷವಾಯಿತು. ಆಮೇಲೆ ರಕ್ತದ ರಿಪೋರ್ಟ್ ನೋಡಿದರು. ಆ ಸಂತೋಷ ಅಲ್ಲಿಗೆ ಮುಗಿಯಿತು.

ಇದೇ ಹೊತ್ತಿಗೆ ಶಾರ್ಜಾದಲ್ಲಿರುವ ಮಗಳು ರಮ್ಲಾ ರಜೆಯಲ್ಲಿ ಬಂದಳು. ಉಪ್ಪ ಉಮ್ಮ ಇಬ್ಬರನ್ನೂ ಮಕ್ಕಾಕ್ಕೆ ಉಮ್ರಾ ಯಾತ್ರೆಗೆ ಕರೆದುಕೊಂಡು ಹೋಗುವುದೆಂದು ಅವಳು ಮೊದಲೇ ನಿಶ್ಚಯ ಮಾಡಿದ್ದಳು. ಬಂದು ಉಪ್ಪನನ್ನು ನೋಡಿದಳು. ಮೆಟ್ಟಿಲು ಹತ್ತುವಾಗ ಅವರು ಬಿಡುವ ಉಸಿರಿನ ಶಬ್ದ ಕೇಳಿದಳು. ರಾತ್ರಿ ಊಟದ ಹೊತ್ತಿಗೆ, "ಉಪ್ಪಾ, ಅಲ್ಲಿ ನಿಮಗೆ ವೀಲ್‌ಚೇರ್ ಹೇಳ್ತೇನೆ. ತಳ್ಳಲಿಕ್ಕೆ ಜನ ಇರ್ತಾರೆ. ಒಂದು ಕಷ್ಟವೂ ಇಲ್ಲ" ಎಂದಳು.

ಅದ್ದು ಬ್ಯಾರಿ ಮೀನಿನ ಮುಳ್ಳು ಬಿಡಿಸುತ್ತಿದ್ದರು. ಬಿಡಿಸಿ ಮುಗಿಸಿದರು. ಬಟ್ಟಲಿನ ಅಂಚಿಗೆ ಸಾಲಾಗಿ ಇಟ್ಟರು.

"ಬೇಡ" ಎಂದರು.

ಅವರ ಉಪ್ಪ ಹಜ್ಜಿಗೆ ಹೋದದ್ದು ಬೊಂಬಾಯಿಯಿಂದ ಹಡಗಿನಲ್ಲಿ. ಆಗ ಅದ್ದು ಸಣ್ಣವನು. ತಿರುಗಿ ಬಂದ ಮೇಲೆ ಉಪ್ಪ ಹಗ್ಗದ ಸುರುಳಿಗಳ ನಡುವೆ ಕೂತು ಬಂದವರಿಗೆಲ್ಲ ಅಲ್ಲಿಯ ಕತೆ ಹೇಳುತ್ತಿದ್ದರು. ಸಫಾ ಮರ್ವಾ ಎಂಬ ಎರಡು ಗುಡ್ಡ. ಮಗುವಿಗೆ ನೀರಿಲ್ಲದೆ ಒಬ್ಬ ತಾಯಿ ಈ ಗುಡ್ಡದಿಂದ ಆ ಗುಡ್ಡಕ್ಕೆ ಓಡಿದಳು, ಅಲ್ಲಿಂದ ಇಲ್ಲಿಗೆ ಓಡಿದಳು. ಹೋದವರೆಲ್ಲ ಇವತ್ತಿಗೂ ಅವಳ ಹಿಂದೆ ನಡೆಯುತ್ತಾರೆ. ಈ ಕತೆ ಹೇಳುವಾಗ ಉಪ್ಪ ಹಗ್ಗ ಅಳೆಯುವುದನ್ನು ನಿಲ್ಲಿಸುತ್ತಿದ್ದರು. ಬೇರೆ ಯಾವ ಕತೆಗೂ ಅವರು ಅಳತೆ ನಿಲ್ಲಿಸಿದ್ದಿಲ್ಲ.

"ಒಂದು ಹೆಂಗಸು ಓಡಿದ ದಾರಿ ಅದು. ನಾನು ಕೂತು ಹೋಗುವುದಾ?" ಎಂದರು ಅದ್ದು ಬ್ಯಾರಿ.

"ಕೂತು ಹೋದವರದ್ದೂ ಆಗ್ತದೆ. ಕೈಲಾಗದವರಿಗೆ ಅದಕ್ಕೆ ಒಪ್ಪಿಗೆ ಉಂಟು" ಎಂದರು ಹೆಂಡತಿ ಮುಮ್ತಾಝ್.

"ಕೈಲಾಗದವರಿಗೆ ಉಂಟು. ಹೌದು."

ಅಷ್ಟು ಹೇಳಿ ಗಂಜಿಯ ತಿಳಿ ಕುಡಿದು ಎದ್ದರು. ರಮ್ಲಾ ಉಪ್ಪನನ್ನು ಬಲ್ಲವಳು. ಅವಳೇ ಒಂದು ಒಪ್ಪಂದ ಮುಂದಿಟ್ಟಳು. ವೀಲ್‌ಚೇರ್ ಬೇಕೋ ಬೇಡವೋ ಎಂದು ಏಜೆಂಟಿಗೆ ಹೇಳಲು ಇನ್ನೂ ಸಮಯ ಇತ್ತು. ಅಷ್ಟರೊಳಗೆ ಉಪ್ಪ ಅರ್ಧ ಗಂಟೆ, ಏರಿನಲ್ಲಿ, ಒಂದೇ ಒಂದು ಸಲವೂ ನಿಲ್ಲದೆ ಅವಳ ಕಣ್ಣೆದುರು ನಡೆದು ತೋರಿಸಬೇಕು. ನಿಂತರೆ ವೀಲ್‌ಚೇರ್.

"ಪಂಪ್‌ವೆಲ್‌ವರೆಗಾ?" ಎಂದು ಕೇಳಿದರು ಅವರು.

"ಪಂಪ್‌ವೆಲ್‌ಗೆ ಹೋದರೆ ನೀವು ನಿಲ್ಲದೆ ಇರುವುದು ಖಿಯಾಮತ್ ದಿನಕ್ಕೆ" ಎಂದಳು ಮಗಳು. ಮಾರನೆಯ ದಿನವೇ ಜಿಮ್ಮಿಗೆ ಸೇರಿಸಿದಳು.

ಜಿಮ್ಮು ರೂಪೇಶನದ್ದು. ಅವನ ಅಜ್ಜನ ಕಾಲದಲ್ಲಿ ಗದ್ದೆ ಇದ್ದ ಜಾಗದಲ್ಲಿ ಈಗ ಕಟ್ಟಡ, ಕಟ್ಟಡದ ಮಹಡಿಯಲ್ಲಿ ಕನ್ನಡಿ, ಕನ್ನಡಿಯ ಎದುರು ಭಾರ ಎತ್ತುವ ಹುಡುಗರು. ಅದ್ದು ಬ್ಯಾರಿ ಚಪ್ಪಲಿಯನ್ನು ಬಾಗಿಲಲ್ಲೇ ಬಿಟ್ಟು ಒಳಗೆ ಬಂದರು. ಕನ್ನಡಿಯೊಳಗಿನ ಹುಡುಗರಿಗೂ ಹೊರಗಿನ ಹುಡುಗರಿಗೂ ಒಂದೊಂದು ಸಲ ತಲೆಯಾಡಿಸಿದರು.

"ಅದ್ದುಕಾಕ, ಬನ್ನಿ ಬನ್ನಿ. ಇಲ್ಲಿ ನಿಮ್ಮನ್ನು ಯಾರೂ ನಿಲ್ಲಿಸುವುದಿಲ್ಲ" ಎಂದ ರೂಪೇಶ್.

ಅವನು ಹೊಸದಾಗಿ ತರಿಸಿದ ಟ್ರೆಡ್‌ಮಿಲ್ ಮೂಲೆಯಲ್ಲಿತ್ತು. ಕಾಲಡಿಯ ಪಟ್ಟಿ ಓಡುತ್ತದೆ, ಮನುಷ್ಯ ಇದ್ದಲ್ಲೇ ನಡೆಯುತ್ತಾನೆ. ಎದುರಿಗೆ ಒಂದು ಪರದೆ. ಅದರಲ್ಲಿ ಬೇಕಾದ ದಾರಿ ಹಾಕಿಕೊಳ್ಳಬಹುದು. ಯಾರೋ ಆ ದಾರಿಯಲ್ಲಿ ಕ್ಯಾಮೆರಾ ಹಿಡಿದು ಓಡಿ ತೆಗೆದ ಚಿತ್ರ. ನಾವು ನಡೆದಷ್ಟು ವೇಗಕ್ಕೆ ದಾರಿ ಮುಂದೆ ಸಾಗುತ್ತದೆ. ಅಲ್ಲಿ ಏರು ಬಂದರೆ ಇಲ್ಲಿ ಪಟ್ಟಿಯೂ ಏರುತ್ತದೆ.

"ಕಡಲ ಬದಿಯದ್ದು ಉಂಟು, ಹಾಕ್ಲಾ?"

"ಕಡಲು ನನಗೆ ಗೊತ್ತುಂಟು."

"ಹಾಗಾದ್ರೆ ಇಟಲಿ. ಗುಡ್ಡದ ದಾರಿ. ಮೇಲೆ ಒಂದು ಹಳೇ ಪೇಟೆ ಉಂಟು, ಸುತ್ತ ಕೋಟೆ ಗೋಡೆ. ನಿಮ್ಮ ನಡಿಗೆಗೆ ಅರ್ಧ ಗಂಟೆಗೆ ಸರಿಯಾಗಿ ಬಾಗಿಲು ಮುಟ್ತೀರಿ." ಪೇಟೆಯ ಹೆಸರನ್ನೂ ಓದಿ ಹೇಳಿದ. ಅದು ಅವನ ಬಾಯಿಂದ ಎರಡು ಸಲ ಎರಡು ಥರ ಬಂತು. ಅದ್ದು ಬ್ಯಾರಿ ಅದಕ್ಕೆ ಗುಡ್ಡದ ಪೇಟೆ ಎಂದು ಹೆಸರಿಟ್ಟುಕೊಂಡು ನಡೆಯತೊಡಗಿದರು.

ದಾರಿ ಚೆನ್ನಾಗಿತ್ತು. ಎರಡೂ ಬದಿಗೆ ದ್ರಾಕ್ಷಿ ಬಳ್ಳಿಯ ಸಾಲು, ನಮ್ಮ ಬಸಳೆ ಚಪ್ಪರವನ್ನು ಗಿಡ್ಡ ಮಾಡಿ ಸಾಲಾಗಿ ನಿಲ್ಲಿಸಿದ ಹಾಗೆ. ಅಲ್ಲಲ್ಲಿ ಗಾಳಿಮರಕ್ಕೆ ಹಗ್ಗ ಬಿಗಿದು ಸಪೂರ ಮಾಡಿದಂಥ ಎತ್ತರದ ಮರಗಳು. ಕಟ್ಟಿದವನ ಕೈ ಒಳ್ಳೆಯದಿತ್ತು ಎಂದುಕೊಂಡರು. ಮನೆಗಳ ಮಾಡಿಗೆ ಹೆಂಚು, ಆದರೆ ನಮ್ಮದರ ಹಾಗೆ ಚಪ್ಪಟೆ ಅಲ್ಲ, ಮೊದಲಿನ ಕಾಲದ ನಾಡಹೆಂಚಿನಂತೆ ಅರ್ಧ ಗುಂಡಗೆ. ಅಲ್ಲಿ ಬಿಸಿಲಿತ್ತು, ಬೆವರಿರಲಿಲ್ಲ. ಬೆವರು ಇಲ್ಲಿತ್ತು. ತುದಿಯಲ್ಲಿ ಗುಡ್ಡ, ಗುಡ್ಡದ ಮೇಲೆ ಕಲ್ಲಿನ ಪೇಟೆ, ಒಂದು ಗೋಪುರ. ನಡೆದಂತೆಲ್ಲ ಅದು ಕಾಣಿಸುತ್ತಲೂ ತಿರುವಿನಲ್ಲಿ ಅಡಗುತ್ತಲೂ ಇತ್ತು.

ಅರ್ಧ ದಾರಿ ಕಳೆದ ಮೇಲೆ ಒಂದು ಕಡಿದಾದ ಏರು. ಅದನ್ನು ಹತ್ತಿದ ಕೂಡಲೇ ಒಂದು ಮನೆ. ಮನೆಯ ಎದುರು ಕಲ್ಲಿನ ಕಟ್ಟೆ. ಕಟ್ಟೆಯ ಮೇಲೆ ಟೋಪಿ ಹಾಕಿದ ಒಬ್ಬ ಅಜ್ಜ ಕೂತಿದ್ದರು. ದಾರಿಯಲ್ಲಿ ಬರುವವನನ್ನು ನೋಡಿದರು. ಬಲಗೈ ಎತ್ತಿದರು.

ಅದ್ದು ಬ್ಯಾರಿ ಕೆಂಪು ಬಟನ್ ಒತ್ತಿ ನಿಂತರು.

ಪಟ್ಟಿ ನಿಂತಿತು. ಚಿತ್ರವೂ ನಿಂತಿತು. ಅಜ್ಜನ ಕೈ ಎತ್ತಿದ ಹಾಗೇ ಉಳಿಯಿತು. ಅದ್ದು ಬ್ಯಾರಿ ತಮ್ಮ ಕೈ ಎತ್ತಿ, "ಸಲಾಂ. ಹುಷಾರಾ?" ಎಂದರು. ಸ್ವಲ್ಪ ಸುಧಾರಿಸಿಕೊಂಡರು. "ಏರು ಜೋರುಂಟು ಇಲ್ಲಿ" ಎಂದರು. ಅಷ್ಟು ಹೊತ್ತು ನಿಂತರೆ ಯಂತ್ರ ಸುಮ್ಮನಿರುವುದಿಲ್ಲ. ಪರದೆ ಒಮ್ಮೆ ಕಪ್ಪಾಗಿ, ದಾರಿ ಮೊದಲಿಗೆ ಹೋಯಿತು. ಗುಡ್ಡದ ಬುಡ, ದ್ರಾಕ್ಷಿ ಸಾಲು.

ರೂಪೇಶ್ ಓಡಿ ಬಂದ. "ಎಂತಾಯ್ತು ಅದ್ದುಕಾಕ, ಎದೆಯಾ?"

"ಎದೆ ಅಲ್ಲ. ಅವರು ಕೈ ಎತ್ತಿದ್ರು."

"ಅದು ಚಿತ್ರ ಅಲ್ವಾ ಮಾರಾಯ್ರೇ!"

"ಗೊತ್ತುಂಟು."

ಚಿತ್ರ ಎಂದು ಗೊತ್ತಿಲ್ಲದ ಮನುಷ್ಯ ಅವರಲ್ಲ. ಆದರೆ ಚಿತ್ರದಲ್ಲಿ ಆದದ್ದು ಎಲ್ಲೋ ಒಂದು ದಿನ ನಿಜವಾಗಿ ಆದದ್ದೇ ತಾನೇ. ಒಬ್ಬ ಹಿರಿಯರು ತಮ್ಮ ಮನೆಯೆದುರು ಕೂತು ದಾರಿಯವನಿಗೆ ಕೈಯೆತ್ತಿದ್ದಾರೆ. ಕ್ಯಾಮೆರಾ ಹಿಡಿದವನು ನಿಲ್ಲದೆ, ಮಾತಾಡದೆ ಓಡಿಹೋಗಿದ್ದಾನೆ. ಅವನ ಏದುಸಿರು ಮಾತ್ರ ಕೇಳಿಸುತ್ತದೆ. ಅಂದರೆ ಅಜ್ಜ ಕೊಟ್ಟ ಸಲಾಮು ಯಾರೂ ತೆಗೆದುಕೊಳ್ಳದೆ ಅಲ್ಲೇ ದಾರಿಯಲ್ಲಿ ಬಿದ್ದಿದೆ. ಆ ದಾರಿಯಲ್ಲಿ ಹಿಂದಿನಿಂದ ಬಂದವನು ತಾನು. ಅದನ್ನು ತುಳಿದುಕೊಂಡು ಹೋಗುವುದು ಹೇಗೆ?

ಇದನ್ನು ರೂಪೇಶನಿಗೆ ಬಿಡಿಸಿ ಹೇಳಿದರು. ರೂಪೇಶ್ ಎಲ್ಲ ಕೇಳಿ, "ಹಾಗೆ ನೋಡಿದ್ರೆ ಸರಿಯೇ" ಎಂದ. ಆಮೇಲೆ ಭಾರ ಎತ್ತುವ ಹುಡುಗರ ಕಡೆ ಹೋದ.

ಮರುದಿನವೂ ಹಾಗೆಯೇ ಆಯಿತು. ಅದರ ಮರುದಿನವೂ. ಅದ್ದು ಬ್ಯಾರಿಯ ಕಾಲು ಗಟ್ಟಿಯಾಯಿತು, ಉಸಿರು ಉದ್ದವಾಯಿತು, ಸಕ್ಕರೆ ಇಳಿಯಿತು. ಕಡಿದಾದ ಏರನ್ನು ಹತ್ತಿದ ಮೇಲೂ ಮುಂದೆ ಹೋಗುವ ಶಕ್ತಿ ಬಂತು. ಆದರೆ ಹತ್ತಿದ ಕೂಡಲೇ ಅಜ್ಜ ಕೈಯೆತ್ತುತ್ತಿದ್ದರು, ಇವರು ನಿಲ್ಲುತ್ತಿದ್ದರು, ಯಂತ್ರ ಗುಡ್ಡದ ಬುಡಕ್ಕೆ ಕಳಿಸುತ್ತಿತ್ತು. ಹೀಗೆ ವಾರಗಟ್ಟಲೆ ಇಟಲಿಯಲ್ಲಿ ನಡೆದರೂ ಅವರು ಪೇಟೆಯನ್ನು ಮುಟ್ಟಿರಲಿಲ್ಲ.

"ಬೇರೆ ದಾರಿ ಹಾಕ್ತೇನೆ. ಮನುಷ್ಯರೇ ಇಲ್ಲದ್ದು ಉಂಟು, ಮರುಭೂಮಿ" ಎಂದ ರೂಪೇಶ್.

"ಅಜ್ಜ ಕೂತಿದ್ದಾರೆ ಅಂತ ದಾರಿ ತಪ್ಪಿಸಿ ಹೋಗುವುದಾ? ಗೊತ್ತಾದ್ರೆ ಎಂತ ಗ್ರಹಿಸಿಯಾರು?"

ಯಾರಿಗೆ ಗೊತ್ತಾದರೆ ಎಂದು ರೂಪೇಶ್ ಕೇಳಲಿಲ್ಲ. ಅವನ ಅಜ್ಜನೂ ಹೀಗೇ ಇದ್ದರು.

ಏಜೆಂಟ್ ಫೋನು ಮಾಡಿದ. ರಮ್ಲಾ ನಾಳೆ ಹೇಳುತ್ತೇನೆಂದಳು. "ಉಪ್ಪಾ, ನಾಳೆ ಬೆಳಿಗ್ಗೆ ನಾನು ಬಂದು ನೋಡ್ತೇನೆ" ಎಂದು ಇವರಿಗೂ ಹೇಳಿದಳು. ಆಮೇಲೆ ತಗ್ಗಿದ ದನಿಯಲ್ಲಿ, "ರೂಪೇಶಣ್ಣ ಎಲ್ಲ ಹೇಳಿದ. ನಾಳೆ ಒಂದು ದಿನ ಆ ಮುದುಕನನ್ನು ಬಿಟ್ಟು ಹೋಗಿ, ನಿಮ್ಮ ದಮ್ಮಯ್ಯ" ಎಂದಳು.

"ಮುದುಕ ಅನ್ನಬೇಡ. ನನ್ನಿಂದ ದೊಡ್ಡವರು."

ಅವಳು ಹೋದ ಮೇಲೆ ಅದ್ದು ಬ್ಯಾರಿ ಜಗಲಿಯಲ್ಲಿ ಕೂತರು. ಮುಮ್ತಾಝ್ ಒಳಗಿನಿಂದ ಕಾಯಿಮೆಣಸಿನ ತೊಟ್ಟು ತೆಗೆಯುವ ಮೊರವನ್ನು ತಂದು ಎದುರಿಗೆ ಕೂತರು.

"ನೋಡಿ," ಎಂದರು, "ಆ ಇಟಲಿಯವರು ಕೂತಿರುವುದಲ್ವಾ?"

"ಹೌದು."

"ನೀವು ನಡೆಯುವುದು."

"ಹೌದು."

"ಮತ್ತೆ ಅವರು ಯಾಕೆ ಮೊದಲು ಸಲಾಂ ಹೇಳುವುದು?"

ಅದ್ದು ಬ್ಯಾರಿ ಹೆಂಡತಿಯ ಮುಖ ನೋಡಿದರು.

"ಮದ್ರಸದಲ್ಲಿ ಉಸ್ತಾದರು ಕಲಿಸಿದ್ದು ಮರೆತುಹೋಯ್ತಾ? ವಾಹನದಲ್ಲಿ ಹೋಗುವವ ನಡೆಯುವವನಿಗೆ ಮೊದಲು ಹೇಳ್ಬೇಕು. ನಡೆಯುವವ ಕೂತವನಿಗೆ ಮೊದಲು ಹೇಳ್ಬೇಕು. ಇಷ್ಟು ದಿನ ನೀವು ಬಾಯಿ ಮುಚ್ಚಿಕೊಂಡು ಅವರ ಎದುರಿಗೆ ಹೋಗಿದ್ದೀರಿ. ಪಾಪ, ಹಿರಿಯ ಜೀವ, ಕಾದು ಕಾದು ತಾವೇ ಕೈಯೆತ್ತಿದ್ದಾರೆ. ನೀವು ಮೊದಲು ಹೇಳಿ. ಆಗ ಅವರು ಕೈ ಎತ್ತಿದ್ದು ನಿಮ್ಮ ಸಲಾಮಿಗೆ ಜವಾಬಾಯ್ತು. ಕೊಟ್ಟದ್ದು ಮುಟ್ಟಿತು. ಮತ್ತೆ ನಿಲ್ಲುವುದು ಯಾಕೆ?"

ಅದ್ದು ಬ್ಯಾರಿ ತುಂಬ ಹೊತ್ತು ಯೋಚಿಸಿದರು. ಎಲ್ಲಿಯೂ ತಪ್ಪು ಕಾಣಲಿಲ್ಲ. ಒಂದು ಸಂಶಯ ಮಾತ್ರ ಉಳಿಯಿತು.

"ನಾನು ಇರುವುದು ಪಟ್ಟಿಯ ಮೇಲೆ. ಅದು ನಡಿಗೆಯಾ, ವಾಹನವಾ?"

"ಯಾವುದಾದ್ರೂ ನೀವೇ ಮೊದಲು" ಎಂದರು ಮುಮ್ತಾಝ್. ಮೊರ ಎತ್ತಿಕೊಂಡು ಒಳಗೆ ಹೋದರು.

ಬೆಳಿಗ್ಗೆ ರಮ್ಲಾ ಉಮ್ಮನನ್ನೂ ಕರೆದುಕೊಂಡು ಬಂದಳು. ಇಬ್ಬರಿಗೂ ರೂಪೇಶ್ ಕುರ್ಚಿ ಹಾಕಿದ. ಹುಡುಗರು ಭಾರ ಇಳಿಸಿ ಕನ್ನಡಿಯಲ್ಲಿ ಇತ್ತ ನೋಡುತ್ತಿದ್ದರು. ಅದ್ದು ಬ್ಯಾರಿ ಬಿಸ್ಮಿ ಹೇಳಿ ಪಟ್ಟಿಯ ಮೇಲೆ ಕಾಲಿಟ್ಟರು.

ದ್ರಾಕ್ಷಿ ಸಾಲು ಕಳೆಯಿತು. ಹಗ್ಗ ಬಿಗಿದ ಮರಗಳು ಕಳೆದವು. ಗೋಪುರ ಕಂಡಿತು, ಅಡಗಿತು. ಎಲ್ಲ ಸರಿಯಾಗಿಯೇ ಇತ್ತು. ಕಡಿದಾದ ಏರು ಬಂದ ಮೇಲೆಯೇ ಅವರಿಗೆ ತೊಂದರೆ ಅರ್ಥವಾದದ್ದು. ಇಷ್ಟು ದಿನ ನಿಂತ ಮೇಲೆ ಸಲಾಂ ಹೇಳಿ ಅಭ್ಯಾಸ. ನಿಂತರೆ ಮಾತು ಬರುತ್ತದೆ. ಇವತ್ತು ಏರುತ್ತ ಇರುವಾಗಲೇ ಹೇಳಬೇಕು, ಅಜ್ಜನ ಕೈ ಏಳುವ ಮೊದಲೇ ಹೇಳಬೇಕು. ಬಾಯಿ ತೆರೆದರು. ಬಂದದ್ದು ಗಾಳಿ ಮಾತ್ರ. ಮನೆ ಕಂಡಿತು. ಕಟ್ಟೆ ಕಂಡಿತು. ಟೋಪಿ ಕಂಡಿತು.

ಅವರ ಕೈ ಬಟನ್‌ಗಳ ಕಡೆ ಹೋಯಿತು. ರಮ್ಲಾ ಕುರ್ಚಿಯಿಂದ ಎದ್ದಳು.

ಅವರು ಒತ್ತಿದ್ದು ಕೆಂಪನ್ನಲ್ಲ. ವೇಗ ಇಳಿಸುವುದನ್ನು. ಒಂದು ಸಲ, ಮತ್ತೊಂದು ಸಲ. ಪಟ್ಟಿ ನಿಧಾನವಾಯಿತು. ದಾರಿಯೂ ನಿಧಾನವಾಯಿತು. ಕಟ್ಟೆಯ ಮೇಲಿನ ಅಜ್ಜನೂ ನಿಧಾನವಾದರು. ಮೊಣಕಾಲ ಮೇಲಿನ ಬಲಗೈ ಇನ್ನೇನು ಏಳಬೇಕು, ಏಳುವುದೋ ಬೇಡವೋ ಎನ್ನುವ ಹಾಗೆ ಅಲ್ಲಿಯೇ ತಡೆಯಿತು. ಆ ಸಂದಿನಲ್ಲಿ ಅದ್ದು ಬ್ಯಾರಿಗೆ ಒಂದು ಉಸಿರು ಸಿಕ್ಕಿತು.

"ಸಲಾಂ!"

ಭಾರ ಎತ್ತುವ ಹುಡುಗರಿಗೆಲ್ಲ ಕೇಳಿಸಿತು. ಅವರಲ್ಲೊಬ್ಬ ಅಭ್ಯಾಸಬಲದಿಂದ ಜವಾಬು ಕೊಟ್ಟ.

ಇಟಲಿಯ ಅಜ್ಜ ನಿಧಾನವಾಗಿ, ಬಲು ನಿಧಾನವಾಗಿ ಕೈ ಎತ್ತಿದರು.

ಮುಮ್ತಾಝ್ ತಲೆಯಾಡಿಸಿದರು. ಅದ್ದು ಬ್ಯಾರಿ ನಡೆದರು. ಅಜ್ಜ ಪರದೆಯ ಅಂಚಿಗೆ ಸರಿದು ಮರೆಯಾದರು. ಅದರಾಚೆಯ ದಾರಿಯನ್ನು ಇವರು ಇಲ್ಲಿಯವರೆಗೆ ಕಂಡಿರಲಿಲ್ಲ. ಒಂದು ಕಲ್ಲಿನ ಬಾವಿ ಇತ್ತು, ಬಾವಿಗೆ ಹಗ್ಗ ಇರಲಿಲ್ಲ. ಅದನ್ನು ಮನಸ್ಸಿನಲ್ಲಿ ಇಟ್ಟುಕೊಂಡರು. ಕೋಟೆಯ ಗೋಡೆ ಬಂತು, ಬಾಗಿಲು ಬಂತು. ಬಾಗಿಲ ಒಳಗೆ ಕಲ್ಲು ಹಾಸಿದ ಅಂಗಳ. ಅಲ್ಲಿ ಕುರ್ಚಿ ಹಾಕಿಕೊಂಡು ಜನ ಕಾಫಿ ಕುಡಿಯುತ್ತ ಕೂತಿದ್ದರು, ಒಬ್ಬಿಬ್ಬರಲ್ಲ, ಒಂದು ಮದುವೆಗೆ ಆಗುವಷ್ಟು.

ಅದ್ದು ಬ್ಯಾರಿ ಗಾಬರಿಯಾಗಿ ಹೆಂಡತಿಯ ಕಡೆ ತಿರುಗಿದರು.

"ಗುಂಪಿಗೆ ಒಂದೇ ಸಾಕು!" ಎಂದು ಮುಮ್ತಾಝ್ ಕೂತಲ್ಲಿಂದಲೇ ಕೂಗಿದರು.

ಒಂದು ಹೇಳಿದರು. ಅಂಗಳದವರು ಯಾರೂ ತಲೆ ಎತ್ತಲಿಲ್ಲ. ಗುಡ್ಡ ಹತ್ತಿ ಬಂದವನಿಗೆ ನೀರು ಬೇಕಾ ಎಂದು ಕೇಳುವವರೂ ಇರಲಿಲ್ಲ. ಪಟ್ಟಿ ತಾನಾಗಿಯೇ ನಿಂತಿತು. ಅರ್ಧ ಗಂಟೆ ಆಗಿತ್ತು.

ರಮ್ಲಾ ಉಪ್ಪನ ನೆತ್ತಿಯ ಬೆವರನ್ನು ತನ್ನ ಶಾಲಿನ ತುದಿಯಿಂದ ಒರೆಸಿದಳು. ಆಮೇಲೆ ಹೊರಗೆ ಹೋಗಿ ಫೋನಿನಲ್ಲಿ, "ವೀಲ್‌ಚೇರ್ ಬೇಡ. ಇಲ್ಲ, ಅವರು ನಡೀತಾರೆ" ಎಂದು ಹೇಳುವುದು ಕೇಳಿಸಿತು.

"ಹೇಗುಂಟು ಪೇಟೆ?" ಎಂದು ಕೇಳಿದ ರೂಪೇಶ್.

ಅದ್ದು ಬ್ಯಾರಿ ನೀರು ಕುಡಿದು ಬಾಟಲಿ ಕೆಳಗಿಟ್ಟರು. "ಕಲ್ಲಿನ ಕೆಲಸ ಒಳ್ಳೆದುಂಟು. ಜನ ಅಷ್ಟಕ್ಕಷ್ಟೇ" ಎಂದರು.

ಹೊರಡುವ ವಾರ ಅವರು ಮನೆಯಲ್ಲಿ ಕೂರಲಿಲ್ಲ. ಆ ಯಾತ್ರೆಗೆ ಹೋಗುವವರು ಗುರುತಿನವರನ್ನೆಲ್ಲ ಕಂಡು, ಗೊತ್ತಿದ್ದೋ ಗೊತ್ತಿಲ್ಲದೆಯೋ ಆದ ತಪ್ಪನ್ನು ಹೊಟ್ಟೆಗೆ ಹಾಕಿಕೊಳ್ಳಿ ಎಂದು ಕೇಳಿ ಹೋಗುವುದು ಕ್ರಮ. ಹಗ್ಗ ಮಾರಿದವರಿಗೆ ಅದು ಸಣ್ಣ ಕೆಲಸವಲ್ಲ. ಬಂದರಿಗೆ ಹೋದರು, ಹಂಪನಕಟ್ಟೆಗೆ ಹೋದರು, ಗ್ಯಾರೇಜಿಗೆ ಹೋದರು. ವಿಲ್ಲಿಯ ಬೇಕರಿಯಲ್ಲಿ ಕೂತರು.

"ನನ್ನ ಬನ್ನು ಹಳಸಿದೆ ಅಂತ ಒಮ್ಮೆ ಗಿರಾಕಿಗಳ ಎದುರಿಗೆ ಹೇಳಿದ್ದೀರಿ, ನೆನಪುಂಟಾ? ಅದೊಂದು ಬಿಟ್ಟು ಬಾಕಿ ಎಲ್ಲ ಕ್ಷಮಿಸಿದ್ದೇನೆ" ಎಂದ ವಿಲ್ಲಿ.

"ಹಳಸಿತ್ತು ಮಾರಾಯ."

"ಹಾಗಾದ್ರೆ ಅದನ್ನೂ. ಬರುವಾಗ ಖರ್ಜೂರ ತನ್ನಿ. ದೊಡ್ಡದು."

ಹೊರಡುವ ದಿನ ಬೆಳಿಗ್ಗೆ, ಪೆಟ್ಟಿಗೆಗಳು ಜಗಲಿಗೆ ಬಂದ ಮೇಲೆ, ಅವರು ಇನ್ನೊಂದು ಕಡೆ ಹೋಗಲು ಬಾಕಿ ಉಂಟು ಎಂದರು. ಎಲ್ಲಿಗೆ ಎಂದು ಮುಮ್ತಾಝ್ ಕೇಳಲಿಲ್ಲ. "ಬೇಗ ಬನ್ನಿ, ಏರು ಉಂಟು ಅಲ್ಲಿ" ಎಂದರು ಅಷ್ಟೆ.

ಜಿಮ್ಮಿನಲ್ಲಿ ಆ ಹೊತ್ತಿಗೆ ರೂಪೇಶ್ ಒಬ್ಬನೇ ನೆಲ ಒರೆಸುತ್ತಿದ್ದ. ಅದ್ದು ಬ್ಯಾರಿ ಚಪ್ಪಲಿ ಬಿಟ್ಟು, ಬಿಳಿ ಅಂಗಿ, ಬಿಳಿ ಲುಂಗಿಯಲ್ಲಿಯೇ ಪಟ್ಟಿ ಹತ್ತಿದರು. ಗುಡ್ಡದ ಬುಡದಿಂದ ನಡೆದರು. ಅವಸರ ಮಾಡಲಿಲ್ಲ. ಕಡಿದಾದ ಏರನ್ನು ಹತ್ತಿ, ಕಟ್ಟೆ ಕಂಡ ಕೂಡಲೇ ಸಲಾಂ ಹೇಳಿದರು. ಅಜ್ಜ ಕೈ ಎತ್ತಿದರು. ಆಗ ಇವರು ಕೆಂಪು ಬಟನ್ ಒತ್ತಿದರು.

"ಅದ್ದುಕಾಕ, ಯಾಕೆ ನಿಂತಿತು?" ರೂಪೇಶ್ ಒರೆಸುವ ಕೋಲು ಹಿಡಿದುಕೊಂಡೇ ಕೇಳಿದ.

"ನಿಂತದ್ದಲ್ಲ. ನಿಲ್ಲಿಸಿದ್ದು."

ಪರದೆಯ ಕಡೆ ತಿರುಗಿದರು.

"ಸಂಜೆಗೆ ಹೊರಡ್ತೇವೆ," ಎಂದರು. "ದಿನಾ ನಿಮ್ಮ ಮನೆ ಎದುರಿನಿಂದ ಹೋಗಿದ್ದೇನೆ. ಸುರುವಿಗೆ ನಾನು ಮೊದಲು ಸಲಾಂ ಹೇಳ್ಬೇಕು ಅಂತ ನೆನಪಿರಲಿಲ್ಲ. ಮತ್ತೆ ಒಂದು ದಿನ ನಿಲ್ಲದೆಯೇ ಹೋದೆ. ಮಗಳು ನೋಡ್ತಾ ಇದ್ಲು. ಎಂತಾದ್ರೂ ತಪ್ಪಾಗಿದ್ರೆ ಹೊಟ್ಟೆಗೆ ಹಾಕಿಕೊಳ್ಳಿ. ಮೇಲೆ ಬಾವಿಗೆ ಹಗ್ಗ ಇಲ್ಲ, ಒಂದು ಹಾಕಿಸಿ. ನಡೆದೇ ಹೋಗ್ತಿದ್ದೇನೆ. ಬರ್ತೇನೆ."

ಅಜ್ಜನ ಕೈ ಎತ್ತಿದ ಹಾಗೇ ಇತ್ತು. ಅದ್ದು ಬ್ಯಾರಿ ಯಂತ್ರ ಅವರನ್ನು ಗುಡ್ಡದ ಬುಡಕ್ಕೆ ಕಳಿಸುವವರೆಗೆ ಅಲ್ಲಿಯೇ ನಿಂತರು. ಆಮೇಲೆ ಇಳಿದರು. ನೆಲ ಹಸಿಯಾಗಿದ್ದರಿಂದ ಬದಿಯಲ್ಲಿ ನಡೆದು ಬಂದು, ರೂಪೇಶನ ಹತ್ತಿರವೂ ಕೇಳಬೇಕಾದದ್ದನ್ನು ಕೇಳಿ, ಚಪ್ಪಲಿ ಹಾಕಿಕೊಂಡು ಮನೆಗೆ ಹೋದರು.